ಅಟ್ಲಾಂಟಾದಲ್ಲಿ ಹೊರಗಿನ ಊಟ: ಹೊಸದಾಗಿ ಬಂದ ಕುಟುಂಬಗಳಿಗೆ ಮಾರ್ಗದರ್ಶಿ

ಅಟ್ಲಾಂಟಾಕ್ಕೆ ಬಂದು ನೆಲೆಸುವ ಕನ್ನಡ ಕುಟುಂಬಗಳಿಗೆ ಮನೆಯ ಅಡುಗೆಯ ವಿಷಯದಲ್ಲಿ ಈಗ ಹೇಳಿಕೊಳ್ಳುವಂಥ ತೊಂದರೆಯೇನೂ ಇಲ್ಲ. ಡಿಕೇಟರ್‌ನ ಪಟೇಲ್ ಪ್ಲಾಜಾದಲ್ಲಾಗಲಿ, ಆಲ್ಫರೆಟಾ, ಜಾನ್ಸ್ ಕ್ರೀಕ್, ಕಮಿಂಗ್ ಕಡೆಯ ದಿನಸಿ ಅಂಗಡಿಗಳಲ್ಲಾಗಲಿ ಸೋನಾ ಮಸೂರಿ ಅಕ್ಕಿ, ರಾಗಿ ಹಿಟ್ಟು, ಕರಿಬೇವು, ಹುಣಸೆಹಣ್ಣು ಎಲ್ಲವೂ ದೊರೆಯುತ್ತವೆ. ಇಡ್ಲಿ, ದೋಸೆಯ ಹೋಟೆಲುಗಳೂ ಅದೇ ಸುತ್ತಿನಲ್ಲಿವೆ. ಅವುಗಳ ಪಟ್ಟಿಯನ್ನು ಇಲ್ಲಿ ಕೊಡುತ್ತಿಲ್ಲ. ನೀವು ಬಂದ ವಾರದೊಳಗೆ ನೆರೆಹೊರೆಯ ನಮ್ಮವರೇ ಅವನ್ನು ತೋರಿಸಿರುತ್ತಾರೆ. ಈ ಮಾರ್ಗದರ್ಶಿ ಬರೆದಿರುವುದು ಸಹೋದ್ಯೋಗಿಗಳು ಮಧ್ಯಾಹ್ನದ ಊಟಕ್ಕೆ ಕರೆದಾಗ, ಮಕ್ಕಳ ಗೆಳೆಯರ ಮನೆಯವರು ಜೊತೆಗೆ ಹೊರಟಾಗ, ಅಥವಾ ಊರಿನಿಂದ ಬಂದ ತಂದೆತಾಯಿಗಳನ್ನು ಕರೆದುಕೊಂಡು ನಗರ ನೋಡಲು ಹೋದಾಗ ಎದುರಾಗುವ ಊಟಕ್ಕಾಗಿ. ಏನು ಕೇಳಬೇಕೆಂಬುದು ತಿಳಿದಿದ್ದರೆ ಈ ಊರಿನಲ್ಲಿ ಸಸ್ಯಾಹಾರಿಗಳೂ ಹೊಟ್ಟೆ ತುಂಬ ಉಣ್ಣಬಹುದು. ತಿಳಿಯದಿದ್ದರೆ ವರ್ಷಗಟ್ಟಲೆ ಫ್ರೆಂಚ್ ಫ್ರೈಸ್ ಮತ್ತು ಚೀಸ್ ಪಿಜ್ಜಾದಲ್ಲೇ ಕಾಲ ತಳ್ಳಬೇಕಾಗುತ್ತದೆ.

ಮಾಂಸ ಒಂದು, ತರಕಾರಿ ಮೂರು

ದಕ್ಷಿಣದ ಹಳೆಯ ಶೈಲಿಯ ಊಟದ ಮನೆಗಳನ್ನು ಇಲ್ಲಿ 'ಮೀಟ್ ಅಂಡ್ ತ್ರೀ' ಎನ್ನುತ್ತಾರೆ. ಒಂದು ಮಾಂಸದ ಪದಾರ್ಥವನ್ನೂ ಜೊತೆಗೆ ಮೂರು ತರಕಾರಿಗಳನ್ನೂ ಆರಿಸಿಕೊಳ್ಳುವುದು ಕ್ರಮ. ಮಾಂಸ ಬೇಡವೆನ್ನುವವರಿಗೆ ನಾಲ್ಕು ತರಕಾರಿಗಳ 'ವೆಜಿಟಬಲ್ ಪ್ಲೇಟ್' ಇರುತ್ತದೆ. ಆ ಪಟ್ಟಿಯನ್ನು ಓದಿದರೆ ನಮ್ಮ ಮನೆಯ ಅಡುಗೆಯೇ ನೆನಪಾಗುತ್ತದೆ: ಬೆಂಡೆಕಾಯಿ, ಅಲಸಂದೆ ಕಾಳು, ಹುರುಳಿಕಾಯಿ, ಗೆಣಸು, ಎಲೆಕೋಸಿನ ಜಾತಿಗೇ ಸೇರಿದ ಕಾಲರ್ಡ್ ಎಂಬ ಸೊಪ್ಪು. ಚೀಸ್ ಹಾಕಿದ ಮ್ಯಾಕರೋನಿಯನ್ನೂ ಈ ಊರಿನವರು ತರಕಾರಿಗಳ ಸಾಲಿನಲ್ಲೇ ಸೇರಿಸಿದ್ದಾರೆ. ಅದನ್ನು ಪ್ರಶ್ನಿಸಲು ಹೋಗಬೇಡಿ.

ಬೆಂಡೆ ಮತ್ತು ಅಲಸಂದೆ ಎರಡೂ ಗುಲಾಮರನ್ನು ಹೊತ್ತು ತಂದ ಹಡಗುಗಳ ಕಾಲದಲ್ಲಿ ಆಫ್ರಿಕಾದಿಂದ ಈ ನೆಲಕ್ಕೆ ಬಂದವು. ಗುಲಾಮರ ಪಾಲಿಗೆ ಬರುತ್ತಿದ್ದುದು ಹಂದಿಯ ಕಾಲಿನ ಗೆಣ್ಣು, ಬೆನ್ನಿನ ಕೊಬ್ಬು ಮುಂತಾದ ಕೀಳೆನಿಸಿದ ಭಾಗಗಳು. ಅವುಗಳ ಒಂದು ತುಂಡನ್ನು ಸೊಪ್ಪಿನ ಪಾತ್ರೆಗೆ ಹಾಕಿ ಗಂಟೆಗಟ್ಟಲೆ ಕುದಿಸಿ ಇಡೀ ಪಾತ್ರೆಗೆ ರುಚಿ ಬರಿಸುವ ಪದ್ಧತಿ ಹಾಗೆ ಬೇರೂರಿತು. ಇಂದಿಗೂ ಕಾಲರ್ಡ್ ಸೊಪ್ಪು, ಹುರುಳಿಕಾಯಿ, ಅಲಸಂದೆ ಇವು ಬಹುಪಾಲು ಕಡೆ ಹಾಗೆಯೇ ಬೇಯುತ್ತವೆ. ಕೆಲವರು ಹಂದಿಯ ಬದಲು ಹೊಗೆಯಾಡಿಸಿದ ಟರ್ಕಿ ಕೋಳಿಯನ್ನು ಹಾಕುತ್ತಾರೆ. ತಟ್ಟೆಯಲ್ಲಿ ಕಾಣುವುದು ಸೊಪ್ಪು ಮಾತ್ರ.

ಇಲ್ಲಿಯೇ ನಮ್ಮವರು ಮೋಸ ಹೋಗುವುದು. 'ಇದರಲ್ಲಿ ಮಾಂಸ ಇದೆಯೇ?' ಎಂದು ಕೇಳಿದರೆ, ಬಡಿಸುವಾಕೆ ನಗುಮುಖದಿಂದ, ಯಾವ ಕಪಟವೂ ಇಲ್ಲದೆ, 'ಇಲ್ಲ ಹನಿ, ಬರೀ ಸೊಪ್ಪು' ಎನ್ನುತ್ತಾಳೆ. ಆಕೆಯ ಲೆಕ್ಕದಲ್ಲಿ ರುಚಿಗೆಂದು ಹಾಕಿದ್ದು ಮಾಂಸವಲ್ಲ. ಆದ್ದರಿಂದ ಪ್ರಶ್ನೆ ಪದಾರ್ಥದ ಬಗ್ಗೆ ಇರಬಾರದು, ಪಾತ್ರೆಯ ಬಗ್ಗೆ ಇರಬೇಕು: 'ಇದನ್ನು ಬೇಯಿಸುವಾಗ ಹಂದಿಯ ಕೊಬ್ಬು, ಬೇಕನ್, ಹ್ಯಾಮ್, ಟರ್ಕಿ ಅಥವಾ ಕೋಳಿಯ ಸ್ಟಾಕ್ ಹಾಕುತ್ತೀರಾ?' (ಬೇಕನ್, ಹ್ಯಾಮ್ ಎರಡೂ ಹಂದಿಯವೇ; ಸ್ಟಾಕ್ ಎಂದರೆ ಮಾಂಸ, ಮೂಳೆ ಕುದಿಸಿದ ನೀರು.) ಹೀಗೆ ಒಂದೊಂದನ್ನೂ ಹೆಸರಿಸಿ ಕೇಳಿದರೆ ಆಕೆ ಅಡುಗೆಮನೆಗೆ ಹೋಗಿ ವಿಚಾರಿಸಿಕೊಂಡು ಬಂದು ಸರಿಯಾದ ಉತ್ತರವನ್ನೇ ಕೊಡುತ್ತಾಳೆ. ಸಂಕೋಚಪಡಬೇಕಾಗಿಲ್ಲ, ಇಲ್ಲಿನ ಜನ ಇಂತಹ ಪ್ರಶ್ನೆಗಳಿಗೆ ಬೇಸರಿಸುವುದು ಕಡಿಮೆ, 'ಮ್ಯಾಮ್', 'ಸರ್' ಎಂದು ಸೇರಿಸಿ ಕೇಳಿದರಂತೂ ಇಲ್ಲವೇ ಇಲ್ಲ.

ಇದೇ ಬಗೆಯ ಎಚ್ಚರ ಇನ್ನೂ ಕೆಲವು ಪದಾರ್ಥಗಳಿಗೆ ಬೇಕು. ಬಿಸ್ಕೆಟ್ ಎಂದು ಬರುವುದು ನಮ್ಮ ಚಹಾದ ಬಿಸ್ಕತ್ತಲ್ಲ, ಮೆತ್ತನೆಯ ಬಿಸಿ ಬನ್ನು. ಹಳೆಯ ಅಂಗಡಿಗಳಲ್ಲಿ ಅದರ ಹಿಟ್ಟಿಗೆ ಹಂದಿಯ ಕೊಬ್ಬನ್ನು ಸೇರಿಸುವುದುಂಟು, ಮತ್ತು ಅದರ ಮೇಲೆ ಸುರಿಯುವ ಬಿಳಿಯ ಗ್ರೇವಿ ನೋಡಲು ಎಷ್ಟೇ ಸಾತ್ವಿಕವಾಗಿ ಕಂಡರೂ ಸಾಮಾನ್ಯವಾಗಿ ಹಂದಿಯ ಸಾಸೇಜಿನದು. ಮೆಕ್ಕೆಜೋಳದ ರೊಟ್ಟಿಯಾದ ಕಾರ್ನ್‌ಬ್ರೆಡ್‌ಗೆ ಮೊಟ್ಟೆ ಹಾಕಿರುತ್ತಾರೆ, ಬೇಯಿಸುವ ಬಾಣಲೆಗೆ ಬೇಕನ್ ಜಿಡ್ಡನ್ನು ಸವರಿರುವ ಸಾಧ್ಯತೆಯೂ ಇದೆ. ಮೆಕ್ಕೆಜೋಳದ ರವೆಯಿಂದ ಮಾಡುವ ಗ್ರಿಟ್ಸ್ ನೀರಿನಲ್ಲೋ ಹಾಲಿನಲ್ಲೋ ಬೆಂದಿದ್ದರೆ ಸಸ್ಯಾಹಾರಿಗಳಿಗೆ ಒಳ್ಳೆಯ ಬೆಳಗಿನ ತಿಂಡಿ. ದೊಡ್ಡ ಹೋಟೆಲುಗಳಲ್ಲಿ ಮಾತ್ರ ಕೋಳಿಯ ಸ್ಟಾಕ್ ಬಳಸುತ್ತಾರೆಯೇ ಎಂದು ಕೇಳಿಕೊಳ್ಳಿ. ಬ್ರನ್ಸ್‌ವಿಕ್ ಸ್ಟ್ಯೂ ಎಂಬುದು ಟೊಮೆಟೊ, ಜೋಳ, ಕಾಳುಗಳಿಂದ ಕೂಡಿ ತರಕಾರಿ ಕೂಟಿನಂತೆಯೇ ಕಾಣುತ್ತದೆ, ಆದರೆ ಅದರಲ್ಲಿ ಹಂದಿ ಅಥವಾ ಕೋಳಿಯ ಮಾಂಸ ಇದ್ದೇ ಇರುತ್ತದೆ. ಪಟ್ಟಿಯಲ್ಲಿ 'ಚಿಲಿ' ಎಂದಿದ್ದರೆ ಅದು ಬಹುತೇಕ ಕೊಚ್ಚಿದ ದನದ ಮಾಂಸದ ಸಾರು. ಹೋಳು ಮಾಡಿದ ಟೊಮೆಟೊ, ಸುಟ್ಟ ಗೆಣಸು, ಬೆಣ್ಣೆ ಸಕ್ಕರೆಯಲ್ಲಿ ಬೇಯಿಸಿದ ಗೆಣಸು, ಹಸಿ ಎಲೆಕೋಸಿನ ಕೋಸಂಬರಿಯಂಥ ಸ್ಲಾ ಇವುಗಳಲ್ಲಿ ಭಯ ಕಡಿಮೆ. ಮೆಕ್ಕೆಜೋಳದ ಹಿಟ್ಟಿನಲ್ಲಿ ಹೊರಳಿಸಿ ಕರಿದ ಬೆಂಡೆಕಾಯಿ ಬಹಳ ರುಚಿ; ಮೀನು, ಕೋಳಿ ಕರಿಯುವ ಎಣ್ಣೆಯೇ ಅದಕ್ಕೂ ಬಳಕೆಯಾಗುತ್ತದೆಯೇ ಎಂಬುದನ್ನು ಕಟ್ಟುನಿಟ್ಟಿನವರು ಕೇಳಬೇಕು. ಇಲ್ಲಿ 'ವೆಜಿಟೇರಿಯನ್' ಎಂದರೆ ಮೊಟ್ಟೆ ಸೇರಿದ್ದೇ; ಮೊಟ್ಟೆ ತಿನ್ನದವರು ಅದನ್ನು ಪ್ರತ್ಯೇಕವಾಗಿ ಹೇಳಬೇಕು, ಅಥವಾ ಹಾಲು, ಮೊಟ್ಟೆ ಯಾವುದೂ ಇಲ್ಲದ 'ವೀಗನ್' ಎಂಬುದನ್ನೇ ಆರಿಸಿಕೊಳ್ಳಬೇಕು.

ನೋಡಲೇಬೇಕಾದ ಹಳೆಯ ಮನೆಗಳು ಕೆಲವಿವೆ. ಪಾನ್ಸ್ ಡಿ ಲಿಯೋನ್ ರಸ್ತೆಯ ಮೇರಿ ಮ್ಯಾಕ್ಸ್ ಟೀ ರೂಮ್ 1945ರದು; ಅಲ್ಲಿ ಸೊಪ್ಪು ಬೇಯಿಸಿದ ನೀರನ್ನು 'ಪಾಟ್ ಲಿಕರ್' ಎಂದು ಬಟ್ಟಲಿನಲ್ಲಿ ಕೊಡುತ್ತಾರೆ. ಬಸ್ಸಾರು ಉಂಡು ಬೆಳೆದ ನಮಗೆ ಸೊಪ್ಪಿನ ಕಟ್ಟಿನ ಬೆಲೆಯನ್ನು ಯಾರೂ ಹೇಳಿಕೊಡಬೇಕಾಗಿಲ್ಲ, ಆದರೆ ಈ ಕಟ್ಟಿನಲ್ಲೂ ಮೇಲೆ ಹೇಳಿದ ಮಾಂಸದ ತುಂಡು ಮುಳುಗಿರುತ್ತದೆ. 1947ರಲ್ಲಿ ಆರಂಭವಾದ ಪಾಸ್ಕಲ್ಸ್ ಕರಿದ ಕೋಳಿಗೆ ಹೆಸರಾದದ್ದು. ನಾಗರಿಕ ಹಕ್ಕುಗಳ ಚಳವಳಿಯ ಕಾಲದಲ್ಲಿ ಮಾರ್ಟಿನ್ ಲೂಥರ್ ಕಿಂಗ್ ಮತ್ತು ಅವರ ಸಂಗಡಿಗರು ಕುಳಿತು ಸಮಾಲೋಚಿಸುತ್ತಿದ್ದುದು ಅಲ್ಲಿ. ಅದೇ ವರ್ಷದ ಬಿಜಿ ಬೀ ಕೆಫೆಯೂ ಆ ಪರಂಪರೆಗೆ ಸೇರಿದ್ದು. ಮಾಂಸಾಹಾರಿಗಳು ಈ ಮೂರನ್ನೂ ಧಾರಾಳವಾಗಿ ನೋಡಿ ಬರಬಹುದು. ಸಸ್ಯಾಹಾರಿಗಳಿಗೆ ನಮ್ಮ ಸಲಹೆ ನಗರದ ವೆಸ್ಟ್ ಎಂಡ್ ಬಡಾವಣೆ: ಅಲ್ಲಿನ ಕಪ್ಪು ಸಮುದಾಯದಲ್ಲಿ ಹಾಲು, ಮೊಟ್ಟೆಗಳನ್ನೂ ಬಿಟ್ಟ ಶುದ್ಧ ಸಸ್ಯಾಹಾರದ ಪದ್ಧತಿ ಬಹಳ ಕಾಲದಿಂದ ಬೆಳೆದು ಬಂದಿದ್ದು, ಕಾಲರ್ಡ್ ಸೊಪ್ಪನ್ನೂ ಅಲಸಂದೆಯನ್ನೂ ನಿಶ್ಚಿಂತೆಯಿಂದ ಉಣ್ಣಬೇಕೆನ್ನುವವರು ಮೊದಲು ಹೋಗಬೇಕಾದ ಜಾಗ ಅದು.

ಕೊಡಗಿನವರಿಗೂ ಕರಾವಳಿಯ ಕ್ರೈಸ್ತ ಕುಟುಂಬಗಳಿಗೂ ಇಲ್ಲಿನ ಬಾರ್ಬೆಕ್ಯೂ ಹೊಸತಾಗಿ ತೋರಲಾರದು. ಕಟ್ಟಿಗೆಯ ಹೊಗೆಯಲ್ಲಿ ನಿಧಾನವಾಗಿ ಬೆಂದು ಎಳೆಎಳೆಯಾಗಿ ಬಿಡಿಸಿದ ಹಂದಿಮಾಂಸಕ್ಕೆ ವಿನೆಗರ್ ಹುಳಿಯ ಸಾಸ್ ಹಾಕಿದಾಗ, ಕಾಚಂಪುಳಿ ಹಾಕಿದ ಪಂದಿ ಕರಿ ಉಂಡವರು ಅದರ ಮರ್ಮವನ್ನು ಬೇಗ ಗ್ರಹಿಸುತ್ತಾರೆ. ದನದ ಮಾಂಸ ತಿನ್ನದವರು ಬ್ರಿಸ್ಕೆಟ್ ಎಂಬುದನ್ನು ಬಿಡಬೇಕು ಮತ್ತು ಸಾಸೇಜ್ ಯಾವುದರದೆಂದು ಕೇಳಬೇಕು.

ವಾಫಲ್ ಹೌಸ್ ಮತ್ತು ಸಿಹಿ ಚಹಾ

ಹೆದ್ದಾರಿಯ ಪ್ರತಿ ತಿರುವಿನಲ್ಲೂ ಕಾಣುವ ಹಳದಿ ಫಲಕದ ವಾಫಲ್ ಹೌಸ್ ಮೊದಲು ತೆರೆದದ್ದು 1955ರಲ್ಲಿ, ಡಿಕೇಟರ್ ಪಕ್ಕದ ಏವನ್‌ಡೇಲ್ ಎಸ್ಟೇಟ್ಸ್‌ನಲ್ಲಿ. ದಿನದ 24 ಗಂಟೆಯೂ ತೆರೆದಿರುವುದರಿಂದ ರಾತ್ರಿಯ ಪ್ರಯಾಣದಲ್ಲಿ ಇದೇ ಗತಿ. ತುರಿದ ಆಲೂಗಡ್ಡೆಯ ಹ್ಯಾಶ್ ಬ್ರೌನ್ಸ್ ಅನ್ನು ಈರುಳ್ಳಿ, ಖಾರದ ಹಾಲಪೀನ್ಯೋ ಮೆಣಸಿನಕಾಯಿ ಹಾಕಿಸಿ ಚೆನ್ನಾಗಿ ಗರಿಗರಿಯಾಗಿ ಮಾಡಿಕೊಡಿ ಎಂದರೆ ಮಾಡಿಕೊಡುತ್ತಾರೆ. ಕಾವಲಿ ಮಾತ್ರ ಎಲ್ಲದಕ್ಕೂ ಒಂದೇ, ಅದು ನಿಮ್ಮ ಕಣ್ಣೆದುರಿಗೇ ಇರುತ್ತದೆ. ಇನ್ನು ಯಾವ ಹೋಟೆಲಿನಲ್ಲೇ ಆಗಲಿ 'ಟೀ' ಎಂದಷ್ಟೇ ಹೇಳಿದರೆ ದೊಡ್ಡ ಲೋಟದ ತುಂಬ ಐಸ್ ಹಾಕಿದ, ಪಾನಕದಷ್ಟು ಸಿಹಿಯಾದ ತಣ್ಣನೆಯ ಡಿಕಾಕ್ಷನ್ ಬರುತ್ತದೆ. ಬಿಸಿ ಚಹಾ ಬೇಕಿದ್ದರೆ 'ಹಾಟ್ ಟೀ' ಎನ್ನಬೇಕು, ಸಕ್ಕರೆ ಕಾಯಿಲೆಯ ಹಿರಿಯರಿಗಾಗಿ 'ಅನ್‌ಸ್ವೀಟ್' ಎನ್ನಬೇಕು.

ಬ್ಯೂಫರ್ಡ್ ಹೈವೇ

ವಾರಾಂತ್ಯದಲ್ಲಿ ಎಲ್ಲಿಗೆ ಹೋಗಲಿ ಎಂದು ಕೇಳುವವರಿಗೆ ನಾವು ತಪ್ಪದೆ ಹೇಳುವ ಹೆಸರು ಬ್ಯೂಫರ್ಡ್ ಹೈವೇ. ಚಾಂಬ್ಲಿ, ಡೋರವಿಲ್ ಊರುಗಳ ಮೂಲಕ ಹಾದುಹೋಗುವ ಈ ರಸ್ತೆಯ ಇಕ್ಕೆಲಗಳಲ್ಲಿ ವಿಯೆಟ್ನಾಂ, ಕೊರಿಯಾ, ಚೀನಾ, ಮೆಕ್ಸಿಕೊ, ಮಧ್ಯ ಅಮೆರಿಕದ ಕುಟುಂಬಗಳು ನಡೆಸುವ ಹೋಟೆಲುಗಳು ಸಾಲುಗಟ್ಟಿವೆ. ಹೊರಗಿನಿಂದ ನೋಡಿದರೆ ಹಳೆಯ ಅಂಗಡಿ ಮುಂಗಟ್ಟುಗಳು, ಅಂದವಿಲ್ಲದ ಫಲಕಗಳು; ಒಳಗಿನ ಅಡುಗೆಯೊಂದಿಗೆ ಅದಕ್ಕೆ ಸಂಬಂಧವಿಲ್ಲ. ಖಾರ, ಹುಳಿ, ಕೊತ್ತಂಬರಿ ಸೊಪ್ಪು, ಅನ್ನ ಇವನ್ನು ಬಯಸುವ ನಾಲಗೆಗೆ ನಗರದ ದುಬಾರಿ ಹೋಟೆಲುಗಳಿಗಿಂತ ಇಲ್ಲಿನ ಊಟ ಹೆಚ್ಚು ಹಿಡಿಸುತ್ತದೆ ಎಂಬುದು ನಮ್ಮ ಖಚಿತ ಅಭಿಪ್ರಾಯ. ಕಾರಿಲ್ಲದವರು ಮಾರ್ಟಾ ರೈಲಿನಲ್ಲಿ ಚಾಂಬ್ಲಿ ಅಥವಾ ಕೊನೆಯ ನಿಲ್ದಾಣವಾದ ಡೋರವಿಲ್‌ನಲ್ಲಿ ಇಳಿಯಬಹುದು. ರಸ್ತೆ ಬಹಳ ಅಗಲ, ವಾಹನಗಳ ವೇಗವೂ ಹೆಚ್ಚು. ಮಕ್ಕಳೊಂದಿಗೆ ಇರುವಾಗ ಸಿಗ್ನಲ್ ಇಲ್ಲದ ಕಡೆ ಖಂಡಿತ ದಾಟಬೇಡಿ.

ಇಲ್ಲಿಯೂ ಪ್ರಶ್ನೆ ಪಾತ್ರೆಯ ಬಗ್ಗೆಯೇ. ವಿಯೆಟ್ನಾಂ ಹೋಟೆಲುಗಳಲ್ಲಿ 'ಚಾಯ್' ಎಂದು ಉಚ್ಚರಿಸುವ ಪದವು ಸಸ್ಯಾಹಾರವನ್ನು ಸೂಚಿಸುತ್ತದೆ. ಆ ಗುರುತಿಲ್ಲದ, ತೋಫು ಎಂಬ ಸೋಯಾ ಪನೀರು ಹಾಕಿದ ನೂಡಲ್ಸ್‌ಗೆ ದನದ ಮೂಳೆಯ ಸಾರೂ ಮೀನಿನ ಸಾಸೂ ಸೇರಿರಬಹುದು. ಕೊರಿಯನ್ನರ ಹುಳಿ ಬರಿಸಿದ ಎಲೆಕೋಸಿನ ಉಪ್ಪಿನಕಾಯಿಯಾದ ಕಿಮ್ಚಿಯಲ್ಲಿ ಸಾಮಾನ್ಯವಾಗಿ ಮೀನು ಅಥವಾ ಸೀಗಡಿ ಇರುತ್ತದೆ, ಸಾರುಗಳಿಗೆ ಒಣಮೀನಿನ ನೀರೇ ಬುನಾದಿ. ಚೀನಾದ ಸಿಚುವಾನ್ ಪ್ರಾಂತ್ಯದ ಮಾಪೊ ತೋಫುವಿನಲ್ಲಿ ಕೊಚ್ಚಿದ ಮಾಂಸ ಇರುತ್ತದೆ. ಅದಿಲ್ಲದೆ ಮಾಡಿಕೊಡಿ ಎಂದರೆ ಒಪ್ಪುವವರಿದ್ದಾರೆ. ಮೆಕ್ಸಿಕನ್ ಹೋಟೆಲುಗಳಲ್ಲಿ ಅರೆದ ಕಾಳಿನ ಪಲ್ಯಕ್ಕೆ ಹಂದಿಯ ಕೊಬ್ಬನ್ನೂ ಅನ್ನಕ್ಕೆ ಕೋಳಿಯ ಸ್ಟಾಕನ್ನೂ ಹಾಕುವುದು ಸಂಪ್ರದಾಯ. 'ಸಿನ್ ಮಾಂತೇಕಾ', ಅಂದರೆ ಕೊಬ್ಬಿಲ್ಲದೆ, ಎಂಬ ಎರಡು ಸ್ಪ್ಯಾನಿಷ್ ಪದಗಳನ್ನು ಕಲಿತಿಟ್ಟುಕೊಂಡರೆ ಕೆಲಸಕ್ಕೆ ಬರುತ್ತದೆ.

ಕ್ಲೇರ್‌ಮಾಂಟ್ ರಸ್ತೆಯ ಆಸುಪಾಸಿನ ಇಥಿಯೋಪಿಯನ್ ಹೋಟೆಲುಗಳು ನಮ್ಮವರಿಗೆ ಅತ್ಯಂತ ಒಗ್ಗುವಂಥವು. ಅಲ್ಲಿನ ಆರ್ಥೊಡಾಕ್ಸ್ ಕ್ರೈಸ್ತರು ಬುಧವಾರ, ಶುಕ್ರವಾರಗಳಂದು ಮತ್ತು ದೀರ್ಘ ಉಪವಾಸದ ದಿನಗಳಲ್ಲಿ ಮಾಂಸ, ಮೊಟ್ಟೆ, ಹಾಲು ಯಾವುದನ್ನೂ ಮುಟ್ಟುವುದಿಲ್ಲವಾದ್ದರಿಂದ ಸಸ್ಯಾಹಾರದ ಅಡುಗೆ ಅವರಲ್ಲಿ ತೋರಿಕೆಗೆ ಸೇರಿಸಿದ್ದಲ್ಲ, ಮನೆಯಲ್ಲಿ ಮಾಡಿ ಪಳಗಿದ್ದು. ಟೆಫ್ ಎಂಬ ಧಾನ್ಯದ ಹಿಟ್ಟನ್ನು ಹುಳಿ ಬರಿಸಿ ಹೊಯ್ದ ಅಗಲವಾದ ಇಂಜೆರಾ ಮೇಲೆ ಮಸೂರ್ ಬೇಳೆ, ಕಡಲೆ ಹಿಟ್ಟಿನ ಗೊಜ್ಜು, ಎಲೆಕೋಸು, ಸೊಪ್ಪು, ಬೀಟ್‌ರೂಟ್ ಬಡಿಸಿ, ಎಲ್ಲರೂ ಒಂದೇ ತಟ್ಟೆಯಿಂದ ಕೈಯಲ್ಲೇ ತಿನ್ನುವುದು ಕ್ರಮ. ಒಂದು ತರಕಾರಿ ತಟ್ಟೆ ಹೇಳಿದರೆ ಇಬ್ಬರಿಗೆ ಸಾಕು. ಎಂಜಲು, ಮುಸುರೆಯ ನಿಯಮ ಪಾಲಿಸುವ ಹಿರಿಯರಿಗೆ ಬೇರೆ ತಟ್ಟೆ ಕೇಳಿದರೆ ಕೊಡುತ್ತಾರೆ.

ಸಂತೆ ಮತ್ತು ಕಡಲೆಕಾಯಿ

ಡೋರವಿಲ್‌ನ ಬ್ಯೂಫರ್ಡ್ ಹೈವೇ ಫಾರ್ಮರ್ಸ್ ಮಾರ್ಕೆಟ್ ಮತ್ತು ಡಿಕೇಟರ್‌ನಲ್ಲಿ 1977ರಿಂದ ನಡೆಯುತ್ತಿರುವ ಯುವರ್ ಡಿಕಾಲ್ಬ್ ಫಾರ್ಮರ್ಸ್ ಮಾರ್ಕೆಟ್ ಎರಡನ್ನೂ ಹೊಸಬರು ಒಮ್ಮೆ ಬಿಡುವಾಗಿ ಸುತ್ತಬೇಕು. ಎರಡನೆಯದರಲ್ಲಿ ಫೋಟೊ ತೆಗೆಯಲು ಅನುಮತಿಯಿಲ್ಲ. ಊರಿಗೆ ಕಳಿಸಲೆಂದು ಮೊಬೈಲ್ ಎತ್ತಿದರೆ ಸಿಬ್ಬಂದಿ ಬಂದು ತಡೆಯುತ್ತಾರೆ.

ಅಮೆರಿಕದಲ್ಲಿ ಅತಿ ಹೆಚ್ಚು ಕಡಲೆಕಾಯಿ ಬೆಳೆಯುವ ರಾಜ್ಯ ಜಾರ್ಜಿಯಾ. ನಗರದಿಂದ ದಕ್ಷಿಣಕ್ಕೋ ಉತ್ತರದ ಬೆಟ್ಟಗಳ ಕಡೆಗೋ ಹೊರಟರೆ ರಸ್ತೆ ಬದಿಯಲ್ಲಿ 'ಬಾಯಿಲ್ಡ್ ಪೀನಟ್ಸ್' ಎಂಬ ಕೈಬರಹದ ಫಲಕಗಳು ಕಾಣುತ್ತವೆ. ಹಸಿ ಕಡಲೆಕಾಯಿಯನ್ನು ಸಿಪ್ಪೆಸಮೇತ ಉಪ್ಪುನೀರಿನಲ್ಲಿ ಗಂಟೆಗಟ್ಟಲೆ ಬೇಯಿಸಿ, ಬಿಸಿಯಾಗಿರುವಾಗಲೇ ಲೋಟದಲ್ಲೋ ಚೀಲದಲ್ಲೋ ತುಂಬಿ ಕೊಡುತ್ತಾರೆ. ಸುಲಿದಾಗ ಕಾಳಿಗಿಂತ ಮೊದಲು ಉಪ್ಪುನೀರು ಬಾಯಿಗೆ ಬರುತ್ತದೆ. ಬಸವನಗುಡಿಯ ಪರಿಷೆಯಲ್ಲಿ ತಿಂದದ್ದಕ್ಕಿಂತ ಇದು ಹೆಚ್ಚು ಮೆತ್ತಗೆ ಬೆಂದಿರುತ್ತದೆ. ಲೂಯಿಸಿಯಾನಾ ಕಡೆಯ ಖಾರದ ಕೇಜನ್ ಮಸಾಲೆ ಬೆರೆಸಿದ್ದೂ ಸಿಗುತ್ತದೆ, ಅದಕ್ಕೆ ಮಾಂಸದ ಸಾರು ಹಾಕಿದ್ದಾರೆಯೇ ಎಂದು ವಿಚಾರಿಸಿ. ಸಾದಾ ಉಪ್ಪಿನದೇ ಲೇಸು. ಬೇಸಿಗೆಯ ಕೊನೆಯಲ್ಲಿ ಹಸಿ ಕಡಲೆಕಾಯಿ ಸಂತೆಗೆ ಬಂದಾಗ ತಂದು ಮನೆಯಲ್ಲೇ ಬೇಯಿಸಿಕೊಳ್ಳಬಹುದು. ವಸಂತದಲ್ಲಿ ಬರುವ ವಿಡೇಲಿಯಾ ಈರುಳ್ಳಿಯೂ ಈ ರಾಜ್ಯದ ದಕ್ಷಿಣ ಭಾಗದ್ದೇ. ಗಂಧಕ ಕಡಿಮೆಯಿರುವ ಮಣ್ಣಿನಲ್ಲಿ ಬೆಳೆಯುವುದರಿಂದ ಘಾಟಿಲ್ಲ, ಸಿಹಿ. ಚುರುಮುರಿಗೂ ಮೊಸರು ಬಜ್ಜಿಗೂ ಸೊಗಸು, ಸಾಂಬಾರಿಗೆ ಸಪ್ಪೆ.

ಬಿಲ್ಲು, ಟಿಪ್ಸು, ಅಂಕಪಟ್ಟಿ

ಪಟ್ಟಿಯಲ್ಲಿನ ಬೆಲೆಯ ಮೇಲೆ ಮಾರಾಟ ತೆರಿಗೆ ಬೀಳುತ್ತದೆ. ಅಟ್ಲಾಂಟಾ ನಗರದೊಳಗೆ ಅದು ಶೇಕಡಾ 8.9, ಹೊರಗಿನ ಕೌಂಟಿಗಳಲ್ಲಿ ಕಡಿಮೆ. ಮೇಜಿಗೆ ಬಂದು ಬಡಿಸುವ ಕಡೆ ಶೇಕಡಾ 18ರಿಂದ 20ರಷ್ಟು ಟಿಪ್ಸ್ ಕೊಡುವುದು ರೂಢಿ. ಇದನ್ನು ದಾನವೆಂದು ತಿಳಿಯಬಾರದು: ಟಿಪ್ಸ್ ಪಡೆಯುವ ನೌಕರರಿಗೆ ಮಾಲೀಕರು ಕೊಡಬೇಕಾದ ಕನಿಷ್ಠ ಕೂಲಿ ಗಂಟೆಗೆ 2.13 ಡಾಲರ್ ಮಾತ್ರ, ಉಳಿದದ್ದು ನಿಮ್ಮ ಮೇಜಿನಿಂದಲೇ ಹೋಗಬೇಕು. ಆರು ಜನಕ್ಕಿಂತ ಹೆಚ್ಚಾಗಿ ಹೋದಾಗ ಅದನ್ನು ಬಿಲ್ಲಿನಲ್ಲೇ ಸೇರಿಸಿರಬಹುದು. ಓದಿ ನೋಡದೆ ಎರಡು ಸಲ ಕೊಟ್ಟವರು ನಮ್ಮಲ್ಲಿ ಹಲವರಿದ್ದಾರೆ.

ಜಾರ್ಜಿಯಾದ ಪ್ರತಿಯೊಂದು ಹೋಟೆಲೂ ಆರೋಗ್ಯ ಇಲಾಖೆಯ ತಪಾಸಣೆಯ ಹಾಳೆಯನ್ನು ಬಾಗಿಲ ಬಳಿ ಕಾಣುವಂತೆ ಹಾಕಬೇಕು. 90ರ ಮೇಲೆ 'ಎ', 80ರ ಮೇಲೆ 'ಬಿ', 70ರ ಮೇಲೆ 'ಸಿ', 69 ಅಥವಾ ಅದಕ್ಕಿಂತ ಕಡಿಮೆಯಾದರೆ 'ಯು', ಅಂದರೆ ಅತೃಪ್ತಿಕರ. ಒಳಹೋಗುವ ಮುನ್ನ ಅದನ್ನೊಮ್ಮೆ ಓದುವ ಅಭ್ಯಾಸ ಮಾಡಿಕೊಳ್ಳಿ. ನಮ್ಮ ದೇಶದ ಅಡುಗೆಯ ಹೋಟೆಲುಗಳಿಗೂ ವಿನಾಯಿತಿ ಬೇಡ.

ಭಾನುವಾರ ಚರ್ಚು ಮುಗಿದ ಮೇಲೆ, ಮಧ್ಯಾಹ್ನದ ಹೊತ್ತಿಗೆ ದಕ್ಷಿಣದ ಅಡುಗೆಯ ಹೋಟೆಲುಗಳು ತುಂಬಿ ತುಳುಕುತ್ತವೆ. ಕೋಳಿ ಸ್ಯಾಂಡ್‌ವಿಚ್‌ಗೆ ಹೆಸರಾದ ಚಿಕ್-ಫಿಲ್-ಎ ಹೋಟೆಲುಗಳು ಆ ದಿನ ತೆರೆಯುವುದೇ ಇಲ್ಲ. ಅಜ್ಜ ಅಜ್ಜಿಯರನ್ನು ಕರೆದುಕೊಂಡು ದೊಡ್ಡ ಗುಂಪಾಗಿ ಹೋಗುವುದಿದ್ದರೆ ವಾರದ ದಿನಗಳಲ್ಲಿ, ಮಧ್ಯಾಹ್ನದ ನೂಕುನುಗ್ಗಲು ಇಳಿದ ಮೇಲೆ ಎರಡರಿಂದ ನಾಲ್ಕು ಗಂಟೆಯ ನಡುವೆ ಫೋನ್ ಮಾಡಿ, ಅಂದಿನ ಯಾವ ತರಕಾರಿಗಳಿಗೆ ಮಾಂಸ ಸೋಕಿಲ್ಲ ಎಂಬುದನ್ನು ಅಡುಗೆಯವರಿಂದಲೇ ಕೇಳಿ ತಿಳಿದುಕೊಂಡು ಹೊರಡಿ.