ಆ್ಯಪ್ ಬಿಟ್ಟೆ, ಕೋರ್ಸ್ ಓಡಿತು

“ಸ್ವಂತ ಆ್ಯಪ್ ಇಲ್ಲದೆ ಫೋನಿನಲ್ಲಿ ಕೋರ್ಸ್ ನಡೆಸೋಕಾಗಲ್ಲ” ಅಂತ ಜೊತೆಯವರೆಲ್ಲ ಹೇಳಿದ್ದರು. ಅವರಲ್ಲೊಬ್ಬರು ಮೊನ್ನೆ ನನ್ನ ಸೆಟಪ್ ಕೇಳಿಕೊಂಡು ಬಂದರು. ಹಾಗಾಗಿ ಬರೆದೇ ಬಿಡೋಣ ಅನ್ನಿಸಿತು.

ಆ್ಯಪ್ ನಾನೂ ಮಾಡಿಸಿದ್ದೆ. ಒಂದು ವರ್ಷದ ಕೋರ್ಸ್ ಆದಾಯ ಪೂರ್ತಿ ಅದಕ್ಕೇ ಸುರಿದೆ. ಸುಮಾರು 400 ಜನರಲ್ಲಿ ಇನ್‌ಸ್ಟಾಲ್ ಮಾಡಿದವರು ಎಪ್ಪತ್ತೋ ಎಂಬತ್ತೋ. ಫೋನಿನಲ್ಲಿ ಜಾಗ ಸಾಲದೆ ಅವರಲ್ಲೂ ಅರ್ಧ ಜನ ತೆಗೆದುಹಾಕಿದರು. ಆಮೇಲೂ ಅಪ್‌ಡೇಟ್ ಖರ್ಚು ಬೆನ್ನು ಬಿಡಲಿಲ್ಲ.

ಕೊನೆಗೆ ಮೂಡಲ್ ಅನ್ನೋ ಆನ್‌ಲೈನ್ ಕೋರ್ಸ್ ತಂತ್ರಾಂಶದ ಮೇಲಿದ್ದ ನನ್ನ ಹಳೆಯ ಸೈಟಿಗೇ ವಾಪಸ್ ಬಂದೆ. ಪಾಠದ ಲಿಂಕುಗಳನ್ನು ಸೋಷಿಯಲ್ ಮೀಡಿಯಾದಲ್ಲಿ ಹಾಕತೊಡಗಿದೆ. ಕ್ಲಿಕ್ಕೇನೋ ಚೆನ್ನಾಗಿ ಬಂತು, ಪಾಠದೊಳಗೆ ಮಾತ್ರ ಯಾರೂ ಇಲ್ಲ. ಕಾರಣ ನಿಮಗೂ ಗೊತ್ತಿರಬೇಕು, ಲಿಂಕ್ ತೆರೆಯುವುದು ಆ ಸೋಷಿಯಲ್ ಮೀಡಿಯಾ ಆ್ಯಪ್‌ನ ಒಳಗಿನ ಬ್ರೌಸರಿನಲ್ಲಿ. ಅಲ್ಲಿ ನಮ್ಮ ಸೈಟಿನ ಕುಕೀ, ಅಂದರೆ ಲಾಗಿನ್ ಆಗಿದ್ದನ್ನು ನೆನಪಿಡುವ ಗುರುತು ಇರಲ್ಲ, ಮತ್ತೆ ಲಾಗಿನ್ ಕೇಳುತ್ತದೆ. ಪಾಸ್‌ವರ್ಡ್ ಯಾರಿಗೆ ನೆನಪಿರುತ್ತೆ?

ಸರಿ, ಪಾಸ್‌ವರ್ಡೇ ಬೇಡ ಅಂತ ಒಂದೇ ಸಲ ಬಳಸುವ ಲಾಗಿನ್ ಲಿಂಕನ್ನು ಚಾಟಿನಲ್ಲಿ ಕಳಿಸಿದೆ. ಒತ್ತಿದವರಿಗೆಲ್ಲ “ಈ ಲಿಂಕ್ ಈಗಾಗಲೇ ಬಳಕೆಯಾಗಿದೆ” ಅಂತ ಬಂತು! ಎರಡು ವಾರ ತಲೆ ಕೆಡಿಸಿಕೊಂಡೆ. ಸರ್ವರ್ ಲಾಗ್ ತೆಗೆದು ನೋಡಿದರೆ, ಕಳಿಸಿದ ಒಂದೆರಡು ಸೆಕೆಂಡಿಗೇ ಯಾರೋ ತೆರೆದಿದ್ದಾರೆ. ಮನುಷ್ಯರಲ್ಲ, ಚಾಟಿನಲ್ಲಿ ಲಿಂಕಿನ ಕೆಳಗೆ ಕಾಣುವ ಪ್ರಿವ್ಯೂ ಚಿತ್ರ ತರಲು ಬಂದ ಬಾಟ್, ಅಂದರೆ ತಾನೇ ಓಡುವ ಪ್ರೋಗ್ರಾಮ್. ಅದು ತೆರೆದದ್ದಕ್ಕೇ ಲಿಂಕ್ ಖರ್ಚಾಗಿತ್ತು. ಈಗ ಲಿಂಕ್ ಒತ್ತಿದರೆ ಒಂದು ಸಣ್ಣ ಪುಟ ಬರುತ್ತದೆ. ಅದರಲ್ಲಿರುವ ಬಟನ್ ಒತ್ತಿದರಷ್ಟೇ ಟೋಕನ್, ಅಂದರೆ ಲಿಂಕಿನಲ್ಲಿರುವ ಒಂದೇ ಸಲದ ಗುಪ್ತ ಸಂಕೇತ, ಖರ್ಚಾಗುತ್ತದೆ. ಬಟನ್ ಮೇಲೆ ಏನು ಬರೆದಿದ್ದೇನೆ ಅನ್ನೋದು ನನ್ನ ಹತ್ತಿರವೇ ಇರಲಿ. ಆ ಎರಡು ಪದ ಬದಲಿಸಿದ ಮೇಲೆಯೇ ಒತ್ತುವವರು ಜಾಸ್ತಿಯಾದರು.

ಇನ್ನೊಂದು ಕಾಟ ಹಳೆಯ ಸ್ಕಾರ್ಮ್ 1.2 ಪ್ಯಾಕೇಜುಗಳದ್ದು, ಅಂದರೆ ಅಂಕವನ್ನು ಸೈಟಿಗೆ ಕಳಿಸುವ ಒಂದು ಹಳೆಯ ಮಾದರಿಯ ಪಾಠಗಳದ್ದು. ಪಾಠದ ಮಧ್ಯೆ ಫೋನ್ ಬಂದರೆ ಟ್ಯಾಬ್ ಸತ್ತುಹೋಗುತ್ತಿತ್ತು, ಕೊನೆಯಲ್ಲಿ ಉಳಿಸಬೇಕಿದ್ದ ಅಂಕ ಮಾಯ. ಪುಟ ಮುಚ್ಚುವಾಗ ಬ್ರೌಸರ್ ಕೊಡುವ ಅನ್‌ಲೋಡ್ ಸೂಚನೆ ನಂಬುವುದು ಬಿಟ್ಟು, ಪುಟ ಕಣ್ಣಿಗೆ ಮರೆಯಾದಾಗ ಅದು ಕೊಡುವ ವಿಸಿಬಿಲಿಟಿಚೇಂಜ್ ಸೂಚನೆ ಹಿಡಿದು ಆ ಕ್ಷಣವೇ ಉಳಿಸುವಂತೆ ಮಾಡಿದೆ. ಜೊತೆಗೆ ಒಂದು ಗಂಟೆಯ ಪಾಠಗಳನ್ನು ನಾಲ್ಕೈದು ನಿಮಿಷದ ತುಂಡು ಮಾಡಿದೆ. ಕೋರ್ಸ್ ಮುಗಿಸುವವರು ಮೊದಲು ನೂರಕ್ಕೆ 15 ಇದ್ದಿರಬೇಕು, ಈಗ 45ರ ಆಸುಪಾಸು.

ನಡುವೆ ಸುಮ್ನೆ ಒಂದು ಪ್ರಯೋಗ ಮಾಡಿದೆ, ವೀಡಿಯೊ ತೆಗೆದು ಬರೀ ಧ್ವನಿ ಕಳಿಸಿದೆ. ಧ್ವನಿಯನ್ನು ಕುಗ್ಗಿಸುವ ಓಪಸ್ ಫಾರ್ಮ್ಯಾಟಿನಲ್ಲಿ 24 ಕೆಬಿಪಿಎಸ್‌ಗೆ (ಸೆಕೆಂಡಿಗೆ 24 ಕಿಲೋಬಿಟ್) ಇಳಿಸಿದರೆ ಹತ್ತು ನಿಮಿಷದ ಪಾಠ ಎರಡು ಎಂಬಿಯೊಳಗೆ ಕೂರುತ್ತದೆ. ವ್ಯಾಕರಣದ ಪಾಠಕ್ಕೆ ಚೆನ್ನಾಗಿ ಹೊಂದಿತು, ಲೆಕ್ಕದವರು ಬೈದರು. ಅಡ್ಡ ವೀಡಿಯೊಗಳನ್ನೇ ಕತ್ತರಿಸಿ ರೀಲ್ಸ್ ಕೂಡ ಮಾಡಿದೆ. ಸ್ಲೈಡಿನ ಅಕ್ಷರಗಳೇ ಅರ್ಧ ಕತ್ತರಿಸಿ ಹೋಗಿದ್ದವು. ನೋಡಿದವರು ಸಾವಿರಗಟ್ಟಲೆ, ಕೋರ್ಸಿಗೆ ಸೇರಿದವರು ಮೂವರು. ಅದರಲ್ಲೂ ಒಬ್ಬರು ದುಡ್ಡು ವಾಪಸ್ ಕೇಳಿದರು.