ಕೊಡಗಿನ ಬಾರ್, ವೈನ್ ಶಾಪ್ ಹುಡುಗರಿಗೆ ಮೊದಲು ಕಲಿಸಬೇಕಾದದ್ದು

ಕೌಂಟರಿನ ಹುಡುಗ ಮಾಡಿದ ತಪ್ಪಿಗೆ ಸನ್ನದುದಾರರೂ ಹೊಣೆ. ಹಾಗಾಗಿ ಹೊಸಬರಿಗೆ ಮೊದಲು ಆಲ್ಕೋಹಾಲಿನ ಲೆಕ್ಕ ಕಲಿಸಿ. ಬ್ರಾಂಡುಗಳ ಹೆಸರು ತಾನಾಗಿಯೇ ಬರುತ್ತದೆ.

42.8% ಇರುವ ವಿಸ್ಕಿ, ರಮ್ಮಿನ 30 ಮಿ.ಲೀ. ಪೆಗ್ಗಿನಲ್ಲಿ ಸುಮಾರು 10 ಗ್ರಾಂ ಆಲ್ಕೋಹಾಲ್ ಇರುತ್ತದೆ, ಕ್ವಾರ್ಟರಿನಲ್ಲಿ (180 ಮಿ.ಲೀ.) 60 ಗ್ರಾಂ. 8% ಸ್ಟ್ರಾಂಗ್ ಬಿಯರಿನ 650 ಮಿ.ಲೀ. ಬಾಟಲಿಯಲ್ಲಿ 41 ಗ್ರಾಂ, ಅಂದರೆ ನಾಲ್ಕು ಪೆಗ್! ‘ಬರೀ ಬಿಯರ್ ತಾನೇ’ ಎಂದುಕೊಂಡು ಸಪ್ಲೈಯರ್ ಎಡವುವುದು ಇಲ್ಲೇ. ಲಿವರ್ ಗಂಟೆಗೆ ಕರಗಿಸುವುದು ಹೆಚ್ಚುಕಡಿಮೆ 7ರಿಂದ 10 ಗ್ರಾಂ ಮಾತ್ರ. ನಮ್ಮೂರಿನ ಎಷ್ಟೇ ಗಟ್ಟಿ ಕಾಫಿ ಕೊಟ್ಟರೂ ಆ ವೇಗ ಹೆಚ್ಚುವುದಿಲ್ಲ. ಮಳೆಗಾಲದಲ್ಲಿ ಕುಡಿದರೆ ಮೈ ಬೆಚ್ಚಗಾಗುತ್ತದೆ ಎಂಬ ನಂಬಿಕೆಯೂ ಅಪಾಯದ್ದೇ: ಚರ್ಮದ ರಕ್ತನಾಳಗಳು ಹಿಗ್ಗಿ ಒಳಗಿನ ಶಾಖ ಹೊರಹೋಗುತ್ತದೆ.

ವಾಹನ ಓಡಿಸುವವರಿಗೆ ಕಾನೂನಿನ ಮಿತಿ 100 ಮಿ.ಲೀ. ರಕ್ತಕ್ಕೆ 30 ಮಿ.ಗ್ರಾಂ. ಖಾಲಿ ಹೊಟ್ಟೆಯಲ್ಲಿ 60 ಮಿ.ಲೀ. ವಿಸ್ಕಿ ಕುಡಿದರೂ ಅದು ದಾಟಬಹುದು. ಸಂಪಾಜೆ ಅಥವಾ ಮಾಕುಟ್ಟ ಘಾಟಿ ಇಳಿಯುವವರಿದ್ದರೆ ‘ಗಾಡಿ ಯಾರು ಓಡಿಸ್ತೀರಿ?’ ಎಂದು ಮೊದಲ ಆರ್ಡರಿನಲ್ಲೇ ಕೇಳಿ. ಬಿಲ್ ಕೊಡುವಾಗ ಕೇಳಿದರೆ ತಡವಾಯಿತು.

ಬೇಡ ಎನ್ನುವುದನ್ನು ಅಭ್ಯಾಸ ಮಾಡಿಸಿ. ಇಬ್ಬರು ಹುಡುಗರನ್ನು ಎದುರುಬದುರು ನಿಲ್ಲಿಸಿ, ಒಬ್ಬ ಗಿರಾಕಿಯಾಗಲಿ. ‘ನಿಮಗೆ ಜಾಸ್ತಿ ಆಗಿದೆ’ ಎಂದರೆ ಜಗಳ ಶುರು. ‘ಅಣ್ಣಾ, ಊಟ ತರ್ತೀನಿ, ಆಟೋ ಕರೆಸ್ತೀನಿ’ ಎಂದು ಮೆಲ್ಲಗೆ, ಪಕ್ಕಕ್ಕೆ ಬಂದು ಹೇಳಬೇಕು. ಒಬ್ಬ ಇಲ್ಲವೆಂದ ಮೇಲೆ ಇನ್ನೊಬ್ಬ ಸುರಿಯಕೂಡದು. ಇದನ್ನು ಮಾಲೀಕರೂ ಪಾಲಿಸಬೇಕು.

ಸನ್ನದು ನಿಯಮದ ಪ್ರಕಾರ 21 ತುಂಬದವರಿಗೆ ಮಾರುವಂತಿಲ್ಲ. ಎಷ್ಟನೇ ಇಸವಿಯ ಯಾವ ತಾರೀಖಿನವರೆಗೆ ಹುಟ್ಟಿದವರಿಗೆ ಕೊಡಬಹುದು ಎಂದು ದಿನಾ ಬೆಳಿಗ್ಗೆ ಕೌಂಟರಿನ ಹಲಗೆಯ ಮೇಲೆ ಬರೆದಿಡಿ, ಗದ್ದಲದ ಹೊತ್ತಿನಲ್ಲಿ ಯಾರೂ ಕಳೆಯುವ ಲೆಕ್ಕ ಮಾಡುವುದಿಲ್ಲ. ‘ಅಪ್ಪನಿಗೆ’ ಎಂದು ಬಂದ ಮಕ್ಕಳ ಕೈಗೂ ಬಾಟಲಿ ಕೊಡಬೇಡಿ.

ವೈನ್ ಶಾಪಿನಲ್ಲಿ ಸೀಲ್ ಒಡೆಯದ ಬಾಟಲಿ, ಎಂಆರ್‌ಪಿ ಬೆಲೆ, ಅಷ್ಟೇ. ಹೋಂಸ್ಟೇ ನಡೆಸುವವರು ಸನ್ನದಿಲ್ಲದೆ ಅತಿಥಿಗಳಿಗೆ ಮದ್ಯ ಮಾರುವಂತಿಲ್ಲ, ಮನೆಯಲ್ಲೇ ಮಾಡಿದ ವೈನ್ ಕೂಡ.

ಕುಡಿದವರು ಎಬ್ಬಿಸಿದರೂ ಏಳದಿದ್ದರೆ, ಉಸಿರು ನಿಧಾನವಾದರೆ ‘ಮಲಗಲಿ ಬಿಡು’ ಎನ್ನಬೇಡಿ. ವಾಂತಿ ಗಂಟಲಿಗೆ ಸಿಕ್ಕದಂತೆ ಮಗ್ಗುಲಾಗಿ ಮಲಗಿಸಿ, 108ಕ್ಕೆ ಕರೆ ಮಾಡಿ, ಆಂಬುಲೆನ್ಸ್ ಬರುವವರೆಗೆ ಒಬ್ಬರು ಪಕ್ಕದಲ್ಲೇ ಇರಿ.