ಭಾಷಣ ಬಿಟ್ಟು ಹಾಳೆ ಹಿಡಿದೆ

ಹಳ್ಳಿಯ ಹೆಣ್ಣುಮಕ್ಕಳು ಶಾಲೆ ಬಿಡೋದನ್ನು ತಡೆಯಬೇಕು ಅಂತ ಹೊರಟಾಗ ನಾನು ಮೊದಲು ಮಾಡಿದ್ದು ಭಾಷಣ. ಮನೆ ಮನೆಗೆ ಹೋಗಿ ಓದಿನ ಮಹತ್ವ ಹೇಳಿದ್ದೇ ಹೇಳಿದ್ದು. ಎಲ್ಲರೂ ತಲೆಯಾಡಿಸಿದರು, ಒಬ್ಬರೂ ಬೇಡ ಅನ್ನಲಿಲ್ಲ. ಮಾರನೇ ದಿನ ತರಗತಿಯಲ್ಲಿ ಅದೇ ಖಾಲಿ ಜಾಗಗಳು.

ಆರು ತಿಂಗಳು ಹೀಗೇ ಹೋಯಿತು. ಒಂದು ಮನೆಯಲ್ಲಿ ಬೇರೇನೂ ತೋಚದೆ, ಹನ್ನೆರಡು ವರ್ಷದ ಹುಡುಗಿಗೆ "ನಿನ್ನೆ ಎದ್ದಾಗಿನಿಂದ ಮಲಗೋವರೆಗೆ ಏನೇನು ಮಾಡಿದೆ, ಹೇಳಮ್ಮ" ಅಂದೆ. ಅವಳು ಹೇಳುತ್ತಾ ಹೋದಳು, ನಾನು ಬರೆಯುತ್ತಾ ಹೋದೆ. ನೀರು ತರೋದು, ಕಸ ಗುಡಿಸೋದು, ಪಾತ್ರೆ ತೊಳೆಯೋದು, ತಮ್ಮನಿಗೆ ಸ್ನಾನ, ಮತ್ತೆ ನೀರು. ಹಾಳೆಯ ಒಂದು ಮಗ್ಗುಲು ತುಂಬಿ, ತಿರುಗಿಸಬೇಕಾಯಿತು. ಬಾಗಿಲಲ್ಲಿ ನಿಂತಿದ್ದ ಅಪ್ಪ "ಇಷ್ಟೆಲ್ಲಾ ಇವಳೇ ಮಾಡ್ತಾಳಾ?" ಅಂದರು. ಒಳಗಿಂದ ಅಮ್ಮ "ಮತ್ಯಾರು ಮಾಡ್ತಾರೆ?" ಅಂದರು.

ಓದಿನ ಬೆಲೆ ಅವರಿಗೆ ಗೊತ್ತಿತ್ತು. ಅವಳು ಶಾಲೆಗೆ ಹೋದರೆ ತಮ್ಮನನ್ನು ನೋಡಿಕೊಳ್ಳೋರು ಯಾರು ಅಂತ ನಾನೇ ಕೇಳಿರಲಿಲ್ಲ.

ಸಂಜೆ ಪಾಠ ಶುರು ಮಾಡಿ, ಹುಡುಗಿಯರಿಗೆ ತಮ್ಮ ತಂಗಿಯರನ್ನೂ ಕರೆದುಕೊಂಡು ಬನ್ನಿ ಅಂದೆವು. ಗಲಾಟೆಯೋ ಗಲಾಟೆ! ಆದರೆ ಹುಡುಗಿಯರು ಬಂದರು.

ಬಂದ ಮೇಲೆ ಇನ್ನೊಂದು ವಿಷಯ ಬಯಲಾಯಿತು. ಆರನೇ ತರಗತಿಯವಳು ಪಾಠವನ್ನು ಗಡಗಡ ಒಪ್ಪಿಸುತ್ತಿದ್ದಳು. ನಡುವಿನ ಒಂದು ಪದದ ಮೇಲೆ ಬೆರಳಿಟ್ಟು "ಇದೇನು?" ಅಂದರೆ ಮೌನ. ಪಾಠ ಪೂರ್ತಿ ಬಾಯಿಪಾಠ! 'ಮರ' ಓದುತ್ತಿದ್ದಳು, 'ಮುತ್ತು' ಬಂದರೆ ನಿಂತುಬಿಡುತ್ತಿದ್ದಳು. ಒತ್ತಕ್ಷರವೇ ಗೋಡೆ. ಹಾಗಾಗಿ ತರಗತಿ ನೋಡದೆ, ಎಷ್ಟು ಓದಲು ಬರುತ್ತೆ ಅನ್ನೋದರ ಮೇಲೆ ಗುಂಪು ಮಾಡಿದೆವು. ದೊಡ್ಡ ಹುಡುಗಿಗೆ ಚಿಕ್ಕವರ ಪುಸ್ತಕ ಹಿಡಿಯಲು ನಾಚಿಕೆ, ಅಲ್ವಾ? "ತಮ್ಮನಿಗೆ ಕಥೆ ಓದಿ ಹೇಳು" ಅಂತ ಕೊಟ್ಟೆವು. ಗಲಾಟೆ ಮಾಡುತ್ತಿದ್ದ ತಮ್ಮನೇ ಉಪಯೋಗಕ್ಕೆ ಬಂದ.

ಅಮ್ಮಂದಿರ ಪಾಠ ಆಮೇಲೆ ಶುರುವಾಯಿತು. ಅ, ಆ, ಇ ಅಂತ ಹಿಡಿದರೆ ಎರಡನೇ ವಾರಕ್ಕೇ ಬೇಜಾರು. ಬ್ರೆಜಿಲ್‌ನಲ್ಲಿ 1963ರಲ್ಲಿ ಶಿಕ್ಷಣ ತಜ್ಞ ಪೌಲೊ ಫ್ರೇರೆ ಕೂಲಿಕಾರರಿಗೆ ಅವರ ಬದುಕಿನ ಪದಗಳಿಂದಲೇ ಓದು ಕಲಿಸಿದ್ದ ಕಥೆ ಗೊತ್ತಿತ್ತು. ನಾವೂ ಅವರವರ ಹೆಸರಿನಿಂದ, ಮಕ್ಕಳ ಹೆಸರಿನಿಂದ ಹೊರಟೆವು. ಜೊತೆಗೆ ಅಂಕಿ, ತಾರೀಖು. ತಿಂಗಳೆರಡು ಕಳೆದಿರಬೇಕು, ಒಬ್ಬರು ಮಗಳ ನೋಟ್‌ಬುಕ್ ತಿರುವಿ ಹಾಕಿ, "ಏನೇ, ಮೂರು ದಿನದಿಂದ ತಾರೀಖೇ ಬದಲಾಗಿಲ್ವಲ್ಲ?" ಅಂದರು. ಹುಡುಗಿ ನನ್ನ ಕಡೆ ನೋಡಿದ ನೋಟ! ಅದಕ್ಕಿಂತ ಒಳ್ಳೆಯ ತಪಾಸಣೆ ಯಾವ ಅಧಿಕಾರಿಯಿಂದಲೂ ಆಗಲ್ಲ.

ಹೈಸ್ಕೂಲಿಗೆ ದೂರ ನಡೆಯಬೇಕಾದಾಗ ಮತ್ತೆ ತಡೆ. ಬಿಹಾರದಲ್ಲಿ 2006ರಿಂದ ಒಂಬತ್ತನೇ ತರಗತಿಯ ಹುಡುಗಿಯರಿಗೆ ಸೈಕಲ್ ಯೋಜನೆ ಬಂದ ಮೇಲೆ, ಶಾಲೆ ದೂರ ಇದ್ದ ಹಳ್ಳಿಗಳಲ್ಲೇ ಜಾಸ್ತಿ ಹುಡುಗಿಯರು ಸೇರಿದರು. ನಮ್ಮ ಹತ್ತಿರ ಸೈಕಲ್ ಇರಲಿಲ್ಲ. ಆರು ಜನ ಒಂದೇ ಜಾಗದಲ್ಲಿ ಸೇರಿ ಒಟ್ಟಿಗೆ ಹೊರಡುವ ಹಾಗೆ ಮಾಡಿದೆವು. "ಒಬ್ಬಳೇ ಬೇಡ" ಅಂತಿದ್ದ ಅಪ್ಪಂದಿರು ಸುಮ್ಮನಾದರು. ಒಂದು ಶಾಲೆಯಲ್ಲಿ ಶೌಚಾಲಯ ಇತ್ತು, ಅದಕ್ಕೆ ಸದಾ ಬೀಗವೂ ಇತ್ತು. ಹುಡುಗಿಯರು ತಿಂಗಳಲ್ಲಿ ನಾಲ್ಕು ದಿನ ಯಾಕೆ ಬರಲ್ಲ ಅಂತ ಅಲ್ಲಿ ಸಭೆಗಳು ಮಾತ್ರ ನಡೆಯುತ್ತಿದ್ದವು! ಬೀಗದ ಕೈ ಒಬ್ಬ ಹುಡುಗಿಯ ಕೈಗೆ ಕೊಡಿಸಲು ಮೂರು ಸಲ ಓಡಾಡಬೇಕಾಯಿತು.

ಎಲ್ಲರೂ ಉಳಿಯಲಿಲ್ಲ. ಒಬ್ಬಳು ಈಗಷ್ಟೇ 'ಮುತ್ತು' ದಾಟಿದ್ದಳು. ಅಪ್ಪ ಅಮ್ಮ ಕೂಲಿಗೆ ಅಂತ ಊರು ಬಿಟ್ಟಾಗ ಅವಳೂ ಹೋದಳು. ಅವಳ ದಿನಚರಿಯ ಹಾಳೆ ನನ್ನ ಚೀಲದಲ್ಲೇ ಇದೆ. ವಾಪಸ್ ಬಂದರೆ ಯಾವ ಗುಂಪಿನಲ್ಲಿ ಕೂರಿಸಬೇಕು ಅಂತ ಅದರ ಮೂಲೆಯಲ್ಲಿ ಬರೆದಿಟ್ಟಿದ್ದೇನೆ.